ಸೀಟಿ ಕೇಳದ ಪೈಲ್ವಾನರು

ಕೇಳುಗ ಮಿತ್ರರೆ, ನಮಸ್ಕಾರ.

ಹರಿಯಾಣದ ಝಜ್ಜರ್ ಜಿಲ್ಲೆಯ ಸಾಸ್ರೌಲಿ ಎಂಬ ಹಳ್ಳಿಯಲ್ಲಿ 1986ರಲ್ಲಿ ಹುಟ್ಟಿದ ವೀರೇಂದರ್ ಸಿಂಗ್ ಅವರ ಬದುಕನ್ನು ಕುರಿತು ಈ ಹೊತ್ತು ಮಾತನಾಡಲು ಬಂದಿದ್ದೇನೆ. ಎಳವೆಯಿಂದಲೂ ಅವರಿಗೆ ಕಿವಿ ಕೇಳಿಸದು, ಮಾತೂ ಬಾರದು. ಬಾನುಲಿಯಲ್ಲಿ ಆಡುವ ಈ ಮಾತುಗಳು ಅವರನ್ನು ಮುಟ್ಟಲಾರವು ಎಂಬ ಅರಿವು, ಇವನ್ನು ಬರೆಯಲು ಕುಳಿತಾಗಿನಿಂದ ನನ್ನ ಜೊತೆಗೇ ಇದೆ.

ಅವರ ತಂದೆ ಅಜಿತ್ ಸಿಂಗ್ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ನೌಕರರು, ತಾವೂ ಕುಸ್ತಿ ಆಡಿದವರು. ಮಗ ಚಿಕ್ಕ ವಯಸ್ಸಿನಲ್ಲಿಯೇ ಹಳ್ಳಿ ಬಿಟ್ಟು ದೆಹಲಿಗೆ ಬಂದ. ಆ ಪಡೆಯ ಅಖಾಡದ ಮಣ್ಣಿನಲ್ಲಿ ಆಡುತ್ತ ಆಡುತ್ತ ಕುಸ್ತಿ ಕಲಿತ. ಮುಂದೆ ಗುರು ಹನುಮಾನ್ ಅಖಾಡ ಮತ್ತು ಛತ್ರಸಾಲ್ ಕ್ರೀಡಾಂಗಣ ಅವರನ್ನು ತಿದ್ದಿದವು. ನಮ್ಮ ಕಡೆ ಗರಡಿ ಮನೆ ಎಂದು ಕರೆಯುವುದನ್ನೇ ಉತ್ತರದವರು ಅಖಾಡ ಎನ್ನುತ್ತಾರೆ. ಹೆಸರು ಬೇರೆಯಾದರೂ ನಸುಕಿಗೆ ಎದ್ದು ಮಣ್ಣು ಅಗೆದು ಹದಗೊಳಿಸುವುದು, ದಂಡ ಬಸ್ಕಿ ಹೊಡೆಯುವುದು, ಆಂಜನೇಯನಿಗೆ ಕೈಮುಗಿದು ಕಣಕ್ಕಿಳಿಯುವುದು, ಎಲ್ಲವೂ ಒಂದೇ.

ಗರಡಿಯಲ್ಲಿ ಬೆಳೆಯುವ ಹುಡುಗ ವಿದ್ಯೆಯನ್ನು ಕಿವಿಯಿಂದ ಕಲಿಯುವುದು ಕಡಮೆ ಎಂಬುದು ನನ್ನ ನಂಬಿಕೆ. ಉಸ್ತಾದರು ಒಂದು ಪಟ್ಟನ್ನು ಬಾಯಲ್ಲಿ ವಿವರಿಸುವುದಕ್ಕಿಂತ ಹುಡುಗನ ಕುತ್ತಿಗೆಗೆ ಕೈ ಹಾಕಿ, ಕಾಲನ್ನು ಒಳಗೆ ಸರಿಸಿ, ಮಣ್ಣಿಗೆ ಕೆಡವಿಯೇ ತೋರಿಸುತ್ತಾರೆ. ಇಬ್ಬರು ಜಟ್ಟಿಗಳು ಹಣೆಗೆ ಹಣೆ ಕೊಟ್ಟು, ಒಬ್ಬರ ಕತ್ತಿನ ಹಿಂದೆ ಇನ್ನೊಬ್ಬರ ಅಂಗೈ ಇಟ್ಟು ನಿಂತ ಆ ಹೊತ್ತನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಎದುರಾಳಿ ಭಾರವನ್ನು ಎಡಗಾಲಿನಿಂದ ಬಲಗಾಲಿಗೆ ಬದಲಿಸಿದ್ದು ಮೊದಲು ತಿಳಿಯುವುದು ಆ ಅಂಗೈಗೆ. ಸವಾಲನ್ನು ಸಹ ತೊಡೆ ತಟ್ಟಿಯೇ ಹಾಕುತ್ತಾರೆ. ಅದರ ಸದ್ದು ಕೇಳದಿದ್ದರೂ ಮೇಲಕ್ಕೆದ್ದು ಬಡಿದ ಕೈ ಕಾಣುತ್ತದೆ. ಕಿವಿ ಕೇಳದ ಹುಡುಗನಿಗೆ ಇದಕ್ಕಿಂತ ಒಗ್ಗುವ ವಿದ್ಯೆ ಇನ್ನಾವುದಿದ್ದೀತು?

ಹೀಗೆ ಪಳಗಿದ ವೀರೇಂದರ್ ಹಳ್ಳಿಹಳ್ಳಿಗಳ ದಂಗಲ್‌ಗಳಲ್ಲಿ, ಅಂದರೆ ಮಣ್ಣಿನ ಕಣದ ಜಂಗೀ ಕುಸ್ತಿಗಳಲ್ಲಿ, ಕಿವಿ ಕೇಳುವ ಪೈಲ್ವಾನರನ್ನೇ ಚಿತ್ ಮಾಡುತ್ತ ಬಂದರು. ಗೆದ್ದ ಇನಾಮಿನ ಹಣವೇ ಬಹುಕಾಲ ಅವರ ಬದುಕಿಗೆ ಆಸರೆಯಾಗಿತ್ತು. ಜನ ಅವರನ್ನು ಗೂಂಗಾ ಪೆಹಲ್ವಾನ್, ಅಂದರೆ ಮೂಗ ಪೈಲ್ವಾನ, ಎಂದು ಕರೆದರು. ಆ ಶಬ್ದದಲ್ಲಿ ತಿರಸ್ಕಾರದ ಮುಳ್ಳಿದೆ; ಕನ್ನಡದ ಮೂಗ, ಕಿವುಡ ಎಂಬ ಶಬ್ದಗಳಲ್ಲಿಯೂ ಇದೆ. ವೀರೇಂದರ್ ಆ ಹೆಸರನ್ನು ಅಲ್ಲಗಳೆಯದೆ ತಮ್ಮದಾಗಿಯೇ ಇಟ್ಟುಕೊಂಡಿದ್ದಾರೆ. ಅದು ಅವರ ಹಕ್ಕು. ಆದರೆ ಆ ಸಲಿಗೆ ನಮಗಿಲ್ಲವೆಂದು ತಿಳಿದು ನಾನು ಅವರನ್ನು ಇಲ್ಲಿ ಅವರ ಹೆಸರಿನಿಂದಲೇ ಕರೆಯುತ್ತಿದ್ದೇನೆ.

ಈಗ 2002ನೆಯ ಇಸವಿಯ ಪ್ರಸಂಗಕ್ಕೆ ಬರೋಣ. ಹದಿನಾರರ ಹರೆಯದ ವೀರೇಂದರ್ ಕಿರಿಯರ ವಿಶ್ವ ಕುಸ್ತಿಗಾಗಿ ನಡೆದ ರಾಷ್ಟ್ರೀಯ ಸುತ್ತಿನಲ್ಲಿ ಕಿವಿ ಕೇಳುವವರ ನಡುವೆಯೇ ಆಡಿ ಗೆದ್ದರು. ಗೆದ್ದರೂ ಅವರನ್ನು ಕಳುಹಿಸಲಿಲ್ಲ. ತೀರ್ಪುಗಾರರ ಸೀಟಿ ಕೇಳಿಸದವನು ಆಡುವುದು ಹೇಗೆ ಎಂಬುದು ಕಾರಣ. ಈ ಕಾರಣವನ್ನು ನಾನು ಎಷ್ಟು ಸಲ ಯೋಚಿಸಿದರೂ ಒಪ್ಪಲಾರೆ. ಕುಸ್ತಿಯಲ್ಲಿ ತೀರ್ಪುಗಾರರು ಮೈದಾನದ ಆ ತುದಿಯಲ್ಲಿ ಇರುವವರಲ್ಲ. ಜೋಡಿಯ ಸುತ್ತಲೇ ಬಾಗಿ, ಮಂಡಿಯೂರಿ, ಕೈಯಳತೆಯಲ್ಲಿ ಇರುವವರು. ಸೀಟಿ ಊದುವ ಜೊತೆಗೆ ಹುಡುಗನ ಭುಜವನ್ನು ಒಮ್ಮೆ ತಟ್ಟಿದ್ದರೆ ಸಾಕಿತ್ತು.

ಇದು ಆಗದ ಮಾತಲ್ಲವೆಂಬುದಕ್ಕೆ ಜಗತ್ತಿನ ಮುಂದೆ ಆಗಲೇ ಸಾಕ್ಷ್ಯವಿತ್ತು. ಅದಕ್ಕೆ ಎರಡು ವರ್ಷ ಮೊದಲು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ, ದಕ್ಷಿಣ ಆಫ್ರಿಕದ ಟೆರೆನ್ಸ್ ಪಾರ್ಕಿನ್ ಎಂಬ ಕಿವುಡ ಈಜುಗಾರ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಬೆಳ್ಳಿ ಗೆದ್ದಿದ್ದರು. ಸ್ಪರ್ಧೆಯ ಆರಂಭವನ್ನು ಸೂಚಿಸುವ ಸದ್ದು ಅವರಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ, ಆ ಸದ್ದಿನ ಜೊತೆಗೇ ಮಿನುಗುವ ದೀಪವೊಂದನ್ನು ಇಡಲಾಗುತ್ತಿತ್ತು. ಅಲ್ಲಿ ಒಂದು ದೀಪ ಸಾಕಾಯಿತು. ಇಲ್ಲಿ ಭುಜ ತಟ್ಟುವ ಒಂದು ಕೈ ಸಿಗಲಿಲ್ಲ.

ಹೀಗೆ ಒಂದು ಬಾಗಿಲು ಮುಚ್ಚಿದ ಮೇಲೆ ವೀರೇಂದರ್ ಅವರಿಗೆ ಉಳಿದದ್ದು ಕಿವುಡರ ಒಲಿಂಪಿಕ್ಸ್. ಇದನ್ನು ಡೆಫ್‌ಲಿಂಪಿಕ್ಸ್ ಎನ್ನುತ್ತಾರೆ. ಸ್ವತಃ ಕಿವುಡರಾಗಿದ್ದ ಫ್ರಾನ್ಸಿನ ಯುಜೀನ್ ರುಬೆನ್ಸ್ ಅಲ್ಕೇ ಅವರ ಮುಂದಾಳ್ತನದಲ್ಲಿ 1924ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಈ ಕೂಟ, ಅಂಗವಿಕಲರ ಕೂಟವಾದ ಪ್ಯಾರಾಲಿಂಪಿಕ್ಸ್‌ಗಿಂತ ಎಷ್ಟೋ ಹಳೆಯದು. ಎರಡು ಕಿವಿಗಳಲ್ಲಿ ಚೆನ್ನಾಗಿ ಕೇಳಿಸುವ ಕಿವಿಯಲ್ಲಿಯೂ ಕನಿಷ್ಠ 55 ಡೆಸಿಬಲ್ ಶ್ರವಣ ನಷ್ಟವಿದ್ದವರಿಗೆ ಮಾತ್ರ ಇಲ್ಲಿ ಪ್ರವೇಶ; ಕಣಕ್ಕಿಳಿಯುವಾಗ ಶ್ರವಣ ಯಂತ್ರವನ್ನು ತೆಗೆದಿಡಬೇಕು.

ವೀರೇಂದರ್ 2005ರಲ್ಲಿ ಮೆಲ್ಬರ್ನ್‌ನಲ್ಲಿ ಚಿನ್ನ ಗೆದ್ದರು. 2009ರಲ್ಲಿ ತೈಪೆಯಲ್ಲಿ ಕಂಚು, 2013ರಲ್ಲಿ ಸೋಫಿಯಾದಲ್ಲಿ ಚಿನ್ನ, 2017ರಲ್ಲಿ ಟರ್ಕಿಯ ಸಾಮ್ಸುನ್‌ನಲ್ಲಿ ಮತ್ತೆ ಚಿನ್ನ. ಇದರ ನಡುವೆ ಕಿವುಡರ ವಿಶ್ವ ಕುಸ್ತಿಯಲ್ಲಿ 2008ರ ಬೆಳ್ಳಿ, 2012ರ ಕಂಚು, 2016ರ ಚಿನ್ನವೂ ಸೇರಿದವು. ಇಷ್ಟನ್ನು ಗೆದ್ದ ಮನುಷ್ಯನ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಅವರ ಬದುಕನ್ನು ಕುರಿತ ಸಾಕ್ಷ್ಯಚಿತ್ರವೊಂದು 2014ರಲ್ಲಿ ಬಂದ ಮೇಲೆ ಹೊರಗಿನವರ ಗಮನ ಅವರತ್ತ ಹರಿಯಿತು. 2015ರ ಅರ್ಜುನ ಪ್ರಶಸ್ತಿಯೂ, 2021ರ ಪದ್ಮಶ್ರೀಯೂ ಬಂದವು.

2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಅವರು ಪದ್ಮಶ್ರೀ ಸ್ವೀಕರಿಸಿದರು. ಮರುದಿನ ಅದೇ ದೆಹಲಿಯ ಹರಿಯಾಣ ಭವನದ ಮುಂದಿನ ಕಾಲುದಾರಿಯಲ್ಲಿ ತಾವು ಗೆದ್ದ ಪದಕ, ಪ್ರಶಸ್ತಿಗಳೊಡನೆ ಕುಳಿತುಬಿಟ್ಟರು. ಅವರ ಬೇಡಿಕೆ ಒಂದೇ: ಕೇಂದ್ರ ಸರ್ಕಾರವು ಇಬ್ಬರನ್ನೂ ಸಮಾನರೆಂದು ಪರಿಗಣಿಸುವಾಗ, ಪ್ಯಾರಾ ಕ್ರೀಡಾಪಟುಗಳಿಗೆ ಕೊಡುವ ಹಕ್ಕುಗಳನ್ನು ರಾಜ್ಯ ಸರ್ಕಾರವು ಕಿವುಡ ಕ್ರೀಡಾಪಟುಗಳಿಗೂ ಕೊಡಲಿ ಎಂಬುದು. ಇದರ ಹಿಂದಿನ ತೊಡಕನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಿವುಡರ ಜಾಗತಿಕ ಕ್ರೀಡಾ ಸಂಸ್ಥೆಯು 1995ರಲ್ಲಿ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯಿಂದ ಹೊರಬಂದಿತು, ಆದ್ದರಿಂದ ಕಿವುಡರಿಗೆ ಪ್ಯಾರಾಲಿಂಪಿಕ್ಸ್‌ನಲ್ಲಿ ತಮ್ಮದೇ ವಿಭಾಗವಿಲ್ಲ. ಒಲಿಂಪಿಕ್ಸ್‌ಗೆ ಹೋಗೋಣವೆಂದರೆ ಸೀಟಿ ಅಡ್ಡ ಬರುತ್ತದೆ. ಡೆಫ್‌ಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ತಂದರೆ, ಅದರ ತೂಕವನ್ನು ಬೇರೊಂದು ತಕ್ಕಡಿಯಲ್ಲಿ ನೋಡುತ್ತಾರೆ. ಬೆವರಿಗೆ ಇಂಥ ಎರಡು ತಕ್ಕಡಿ ಇರಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಂದು ಕಾಲುದಾರಿಯಲ್ಲಿ ಕುಳಿತ ಪೈಲ್ವಾನರಿಗೆ ಆಗಲೇ ಮೂವತ್ತೈದು. ಕುಸ್ತಿಯಲ್ಲಿ ಅದು ಲಂಗೋಟಿ ಬಿಚ್ಚಿಡುವ ವಯಸ್ಸು. ಆದರೂ ಮರುವರ್ಷ ಮೇ ತಿಂಗಳಲ್ಲಿ ಬ್ರೆಜಿಲ್‌ನ ಕಾಶಿಯಾಸ್ ದೊ ಸುಲ್ ನಗರದಲ್ಲಿ ನಡೆದ ಡೆಫ್‌ಲಿಂಪಿಕ್ಸ್‌ಗೆ ಹೋದರು, ಕಂಚಿನೊಡನೆ ಮರಳಿದರು. ಐದು ಕೂಟಗಳು, ಐದು ಪದಕಗಳು. ಯಾವ ಕೂಟದಿಂದಲೂ ಅವರು ಬರಿಗೈಯಲ್ಲಿ ಬಂದಿಲ್ಲ.

2023ರ ಡಿಸೆಂಬರ್‌ನಲ್ಲಿ, ಕುಸ್ತಿ ಒಕ್ಕೂಟದ ಚುನಾವಣೆಯ ಫಲಿತಾಂಶದಿಂದ ನೊಂದ ಒಲಿಂಪಿಕ್ ಪದಕ ವಿಜೇತೆ ಸಾಕ್ಷಿ ಮಲಿಕ್ ತಾವು ಕುಸ್ತಿಯನ್ನೇ ಬಿಡುವುದಾಗಿ ಕಣ್ಣೀರಿಡುತ್ತ ಹೇಳಿದರು. ಅದರ ಬೆನ್ನಿಗೇ, ಆ ಸಹೋದರಿಗಾಗಿ ನನ್ನ ಪದ್ಮಶ್ರೀಯನ್ನು ಹಿಂದಿರುಗಿಸುತ್ತೇನೆ ಎಂದು ವೀರೇಂದರ್ ಬರೆದು ಪ್ರಕಟಿಸಿದರು; ದೇಶದ ಹೆಸರಾಂತ ಕ್ರೀಡಾಪಟುಗಳೂ ತಮ್ಮ ನಿಲುವನ್ನು ತಿಳಿಸಲಿ ಎಂದು ಕೇಳಿಕೊಂಡರು.

ನಮಸ್ಕಾರ.