ಹವಾನಾದ ಮೊರ್ರೊ ಕೋಟೆ: ಕಣ್ಣೆಲ್ಲ ಕಡಲ ಮೇಲೆ, ಪೆಟ್ಟು ಬೆನ್ನಿಗೆ

ಈಗ ನೀವು ನೋಡುತ್ತಿರುವುದು ಕ್ಯೂಬಾದ ಹವಾನಾ ಬಂದರಿನ ಬಾಯಿ. ಎಷ್ಟು ಕಿರಿದು ನೋಡಿ! ಆಚೆ ದಡದಲ್ಲಿ ಪುಂತಾ ಕೋಟೆ. ಈಚೆ, ನಾನು ನಿಂತಿರುವುದು ಮೊರ್ರೊ ಕೋಟೆ. ನಡುವೆ ಸರಪಳಿ ಎಳೆದರೆ ಮುಗೀತು, ದಾರಿ ಬಂದ್. ಅಮೆರಿಕ ಖಂಡದ ಬೆಳ್ಳಿ ಬಂಗಾರ ಹೊತ್ತ ಹಡಗುಗಳು ಸ್ಪೇನಿಗೆ ಹೊರಡುವ ಮುಂಚೆ ಇಲ್ಲೇ ಸೇರುತ್ತಿದ್ದವು. ಸುಮ್ನೆ ಅಲ್ಲ ಇಷ್ಟು ಬಂದೋಬಸ್ತು.

ಕೆಲಸ ಶುರುವಾಗಿದ್ದು 1589ರಲ್ಲಿ, ಮುಗಿದಿದ್ದು 1630ರಲ್ಲಿ. ನಕ್ಷೆ ಇಟಲಿಯ ಬತಿಸ್ತಾ ಆಂತೊನೆಲ್ಲಿಯದು. ಕ್ಯಾಮೆರಾ ಸ್ವಲ್ಪ ಕೆಳಗೆ ತಿರುಗಿಸುತ್ತೇನೆ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು, ಹೇಳಿ ನೋಡೋಣ? ನೆಲದ ಕಡೆ ಕಂದಕವನ್ನೂ ಬಂಡೆಯಲ್ಲೇ ಕೊರೆದಿದ್ದಾರೆ.

ಇಷ್ಟೆಲ್ಲ ಇದ್ದೂ 1762ರಲ್ಲಿ ಕೋಟೆ ಬಿತ್ತು. ಜೂನ್‌ನಲ್ಲಿ ಬಂದ ಬ್ರಿಟಿಷರು ಬಂದರಿನ ಬಾಯಿಗೆ ನುಗ್ಗಲೇ ಇಲ್ಲ. ಪೂರ್ವಕ್ಕೆ, ಕೊಹೀಮಾರ್ ಹತ್ತಿರ ಇಳಿದು ಹಿಂದಿನ ಕಬಾನ್ಯಾ ಗುಡ್ಡ ಹಿಡಿದರು. ಅಲ್ಲಿಂದ ಕೋಟೆಯೂ ಕಾಣುತ್ತದೆ, ಊರೂ ಕಾಣುತ್ತದೆ. ಅಂಥ ಗುಡ್ಡವನ್ನು ಸ್ಪೇನಿನವರು ಭದ್ರ ಮಾಡದೆ ಬಿಟ್ಟಿದ್ದರು! ಸಾಲದ್ದಕ್ಕೆ ಶತ್ರು ಒಳಗೆ ಬರಬಾರದೆಂದು ತಮ್ಮದೇ ಮೂರು ಹಡಗುಗಳನ್ನು ಬಂದರಿನ ಬಾಯಲ್ಲಿ ಮುಳುಗಿಸಿದರು. ಉಳಿದ ಯುದ್ಧನೌಕೆಗಳು ಹೊರಗೆ ಹೋಗಲಾರದೆ ಒಳಗೇ ಸಿಕ್ಕಿಕೊಂಡವು. ಕೊನೆಗೆ ಅವೂ ಬ್ರಿಟಿಷರ ಪಾಲಾದವು.

ಪಾಪ, ಕೋಟೆಯದೇನೂ ತಪ್ಪಿಲ್ಲ. ಜುಲೈ 1ರಂದು ಬ್ರಿಟಿಷ್ ಹಡಗುಗಳು ಕಡಲ ಕಡೆಯಿಂದ ಗುಂಡಿನ ಮಳೆ ಸುರಿಸಿದವು. ಆದರೆ ಗೋಡೆ ಇರುವ ಎತ್ತರಕ್ಕೆ ಅವರ ತೋಪಿನ ಮೂತಿ ಏಳಲಿಲ್ಲ. ಚೆನ್ನಾಗಿ ಪೆಟ್ಟು ತಿಂದು ವಾಪಸಾದರು. ಕಡಲನ್ನು ಕಾಯೋಕೆ ಕಟ್ಟಿದ್ದು, ಕಾಯಿತು ಅಲ್ವಾ? ಆಮೇಲೆ ನೆಲದ ಕಡೆಯಿಂದ ಗೋಡೆಯ ಬುಡಕ್ಕೆ ಸುರಂಗ ತೋಡಿ, ಮದ್ದು ತುಂಬಿ, ಜುಲೈ 30ರಂದು ಸಿಡಿಸಿದರು. ಒಡೆದ ಜಾಗದಲ್ಲಿ ಸೈನಿಕರು ಒಳನುಗ್ಗಿದರು. ಕೋಟೆಯ ಮುಖ್ಯಸ್ಥ ಲೂಯಿಸ್ ದೆ ವೆಲಾಸ್ಕೊ ಆ ಹೋರಾಟದಲ್ಲಿ ಗಾಯಗೊಂಡು ಮರುದಿನ ತೀರಿಕೊಂಡ. ಆಗಸ್ಟ್‌ನಲ್ಲಿ ನಗರವೂ ಶರಣಾಯಿತು.

ಗೆದ್ದವರ ಗತಿಯೂ ಅಷ್ಟಕ್ಕಷ್ಟೇ. ಯುದ್ಧಕ್ಕಿಂತ ಹಳದಿ ಜ್ವರಕ್ಕೇ ಜಾಸ್ತಿ ಸೈನಿಕರು ಸತ್ತರು. ಮರುವರ್ಷ ಒಪ್ಪಂದವಾಗಿ ಸ್ಪೇನ್ ಫ್ಲಾರಿಡಾ ಬಿಟ್ಟುಕೊಟ್ಟು ಹವಾನಾ ವಾಪಸ್ ಪಡೆಯಿತು. ಬಂದವರೇ ಮೊದಲು ಮಾಡಿದ ಕೆಲಸವೇನು ಗೊತ್ತಾ? ಅದೇ ಗುಡ್ಡದ ಮೇಲೆ ಇನ್ನೊಂದು ಕೋಟೆ! 1774ರ ಹೊತ್ತಿಗೆ ಮುಗಿದ ಆ ಕಬಾನ್ಯಾ ಕೋಟೆ ಮೊರ್ರೊಗಿಂತ ಎಷ್ಟೋ ದೊಡ್ಡದು.

ಇಲ್ಲಿರುವ ಲೈಟ್‌ಹೌಸ್ ಆಮೇಲಿನದು, 1845ರದ್ದು. ಈಗ ಕಬಾನ್ಯಾ ಕಡೆ ಹೊರಡೋಣ. ಅಲ್ಲಿ ರಾತ್ರಿ 9ಕ್ಕೆ ಹಳೇ ಕಾಲದ ಸಮವಸ್ತ್ರ ತೊಟ್ಟವರು ತೋಪು ಹಾರಿಸುತ್ತಾರೆ. ಒಂದೇ ಗುಂಡು, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ನೀವೂ ಬರುವುದಾದರೆ ಫೋನ್ ಮೊದಲೇ ರೆಕಾರ್ಡ್‌ಗೆ ಹಾಕಿಟ್ಟುಕೊಳ್ಳಿ.