ಮುಖ ನೋಡದವರ ನಡುವೆ ಒಂದು ಚಿಕ್ಕ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಮನೆ. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ಮೂವರು ಅಕ್ಕತಂಗಿಯರಲ್ಲಿ ಒಬ್ಬಳು ನಡುವಿನವಳು, ಇನ್ನೊಬ್ಬಳು ಕೊನೆಯವಳು. ಇರುವುದು ಒಂದೇ ಸೂರಿನ ಕೆಳಗೆ. ಆದರೆ ಇಬ್ಬರ ಮನಸ್ಸು ಒಂದೇ ದಾರಿ ಹಿಡಿಯುವುದಿಲ್ಲ. ಒಬ್ಬಳು ಬೆಂಕಿಯಂಥವಳು. ಉರಿ ಯಾವಾಗಲೂ ಮೇಲಕ್ಕೇ ಏಳುತ್ತದೆ. ಇನ್ನೊಬ್ಬಳು ಕೆರೆಯಂಥವಳು. ನೀರು ಯಾವಾಗಲೂ ತಗ್ಗಿಗೇ ಇಳಿಯುತ್ತದೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಅವರವರ ಸ್ವಭಾವದಂತೆ ಅವರವರು ನಡೆದರೆ ಸಾಕು, ನಡುವಿನ ದೂರ ತಾನಾಗಿಯೇ ಬೆಳೆಯುತ್ತದೆ.

ಇದು ನಾನು ಕಟ್ಟಿದ ಕಥೆ ಅಲ್ಲ. ಐ ಚಿಂಗ್ ಎನ್ನುವುದು ಚೀನಾದ ಬಹಳ ಹಳೆಯ ಶಕುನ ಗ್ರಂಥ. ಅದರ 38ನೇ ಚಿಹ್ನೆಯನ್ನು ಅಲ್ಲಿ ವಿವರಿಸಿರುವುದೇ ಹೀಗೆ. ಗ್ರಂಥದಲ್ಲಿ ಒಟ್ಟು 64 ಚಿಹ್ನೆಗಳಿವೆ. ನಾನು ಇವತ್ತು ಮಾತಾಡುವುದು ಈ ಒಂದರ ಬಗ್ಗೆ ಮಾತ್ರ. ಅದು ನನಗೆ ಅಷ್ಟು ಹತ್ತಿರವಾದದ್ದು.

ಪ್ರತಿ ಚಿಹ್ನೆಯಲ್ಲೂ ಒಂದರ ಮೇಲೊಂದು 6 ಗೆರೆಗಳು. ಕೆಲವು ಇಡಿಯಾದ ಗೆರೆಗಳು, ಕೆಲವು ನಡುವೆ ತುಂಡಾದವು. ಚೀನಾವನ್ನು ಹಿಂದೆ ಆಳಿದ ಝೌ ಅರಸರ ಕಾಲದಲ್ಲಿ ಜನ ಕಣಿ ಕೇಳಲು ಒಣ ಕಡ್ಡಿಗಳನ್ನು ಎಣಿಸುತ್ತಿದ್ದರು. ಇರುವುದು 50 ಕಡ್ಡಿ. ಒಂದನ್ನು ಬದಿಗಿಡಬೇಕು. ಉಳಿದ 49ನ್ನು ಎರಡು ಪಾಲು ಮಾಡಿ, ನಾಲ್ಕು ನಾಲ್ಕಾಗಿ ಎಣಿಸಬೇಕು. ಹೀಗೆ 3 ಸಲ ಮಾಡಿದರೆ ಒಂದು ಗೆರೆ ಸಿಗುತ್ತದೆ. ಪೂರ್ತಿ ಚಿಹ್ನೆಗೆ 18 ಸಲ ಎಣಿಸಬೇಕು. ಕಡ್ಡಿಗೆ ಭವಿಷ್ಯ ಗೊತ್ತು ಅಂತ ನಾನು ನಂಬುವುದಿಲ್ಲ. ಆದರೆ ಯಾರ ಮೇಲೋ ಕುದಿಯುತ್ತಾ ಬಂದವನು ಸುಮ್ನೆ ಕೂತು 18 ಸಲ ಕಡ್ಡಿ ಎಣಿಸಬೇಕು ಅಂದರೆ ಏನಾಗುತ್ತದೆ, ಯೋಚಿಸಿ. ಉತ್ತರ ಬರುವ ಹೊತ್ತಿಗೆ ಕೇಳಿದವನೇ ಸ್ವಲ್ಪ ಬೇರೆಯಾಗಿರುತ್ತಾನೆ, ಅಲ್ವಾ?

ಈ 38ನೇ ಚಿಹ್ನೆಯ ಹೆಸರು ಕ್ವೇ. ಅದರ ಮೇಲಿನ 3 ಗೆರೆ ಸೇರಿದರೆ ಬೆಂಕಿ, ಕೆಳಗಿನ 3 ಸೇರಿದರೆ ಕೆರೆ. ಕ್ವೇ ಎಂದು ಬರೆಯುವ ಚೀನೀ ಅಕ್ಷರದೊಳಗೆ ಕಣ್ಣಿನ ಗುರುತು ಇದೆ. ಎರಡು ಕಣ್ಣು ಒಂದೇ ಕಡೆ ನೋಡದೆ ಇರುವುದು ಅನ್ನುವುದು ಅದರ ಹಳೆಯ ಅರ್ಥ. ನಾವೂ ಜಗಳವಾದಾಗ ಹೇಳುವುದು ಅದನ್ನೇ. "ಅವರಿಬ್ಬರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ" ಅನ್ನುತ್ತೇವೆ. ಅಷ್ಟು ದೂರದ ಭಾಷೆ, ನಮ್ಮ ಭಾಷೆ, ಎರಡೂ ಜಗಳವನ್ನು ಕಣ್ಣಲ್ಲೇ ಗುರುತಿಸಿವೆ.

ಇಂಥ ಚಿಹ್ನೆಗೆ ಗ್ರಂಥ ಕೊಡುವ ಫಲ ಏನು ಗೊತ್ತಾ? ಅಶುಭ ಅಂತ ಇರಬೇಕಿತ್ತು. ಆದರೆ ಅಲ್ಲಿರುವುದು, "ಚಿಕ್ಕ ಕೆಲಸದಲ್ಲಿ ಶುಭ." ಅಷ್ಟೇ. ರಾಜಿ ಮಾಡಿಕೋ ಎನ್ನುವುದಿಲ್ಲ, ಬಿಟ್ಟು ಹೋಗು ಅಂತಲೂ ಎನ್ನುವುದಿಲ್ಲ. ಮನಸ್ಸು ಒಡೆದಿರುವಾಗ ದೊಡ್ಡದಕ್ಕೆ ಕೈ ಹಾಕಬೇಡ, ಚಿಕ್ಕದನ್ನು ಮಾಡು. ನಾನು ಅದನ್ನು ಓದುವುದು ಹಾಗೆ.

ಇದು ನನಗೆ ತಟ್ಟಲು ಕಾರಣ ಇದೆ. ಪಾಲಿನ ವಿಷಯಕ್ಕೆ ನನಗೂ ನನ್ನ ಅಣ್ಣನಿಗೂ 4 ವರ್ಷ ಮಾತಿರಲಿಲ್ಲ. ನೆಂಟರು ಎಷ್ಟೋ ಸಲ ಕೂರಿಸಿ ಮಾತಾಡಿಸಿದರು. ಪ್ರತಿ ಸಲವೂ ಎದ್ದು ಹೋಗುವಾಗ ಮೊದಲಿಗಿಂತ ಜಾಸ್ತಿ ಸಿಟ್ಟು. ಒಂದು ಬೇಸಿಗೆಯಲ್ಲಿ ಇಬ್ಬರ ತೋಟಕ್ಕೂ ನೀರು ಕೊಡುವ ಬಾವಿಯ ಪಂಪ್‌ಸೆಟ್ ಕೆಟ್ಟಿತು. ಅಣ್ಣ ಸ್ಪ್ಯಾನರ್ ಹಿಡಿದು ಇಳಿದ. ನಾನು ಮೇಲಿನಿಂದ ಟಾರ್ಚ್ ಬಿಟ್ಟೆ. "ಸ್ವಲ್ಪ ಎಡಕ್ಕೆ ಬಿಡೋ" ಅಂದ. 4 ವರ್ಷದಲ್ಲಿ ಅವನು ನನಗೆ ಆಡಿದ ಮೊದಲ ಮಾತು ಅದು. ಪಾಲಿನ ಮಾತು ಅವತ್ತು ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ.

ಕ್ವೇ ವಿವರಣೆಯಲ್ಲಿ ಇನ್ನೊಂದು ಸಾಲಿದೆ. ಆಕಾಶ, ಭೂಮಿ ಬೇರೆ ಬೇರೆ, ಆದರೆ ಅವುಗಳ ಕೆಲಸ ಒಂದೇ. ಆ ಸಾಲು ಓದಿದಾಗಲೆಲ್ಲ ನನಗೆ ಆ ಬಾವಿ ನೆನಪಾಗುತ್ತದೆ.

ಚಿಹ್ನೆಯ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಮೊದಲ ಗೆರೆ ಹೇಳುತ್ತದೆ: ಕುದುರೆ ಕಳೆದುಹೋದರೆ ಅಟ್ಟಿಸಿಕೊಂಡು ಹೋಗಬೇಡ, ಅದೇ ವಾಪಸ್ ಬರುತ್ತದೆ. ಕುದುರೆ ಸಾಕಿದವರಿಗೆ ಇದು ಗೊತ್ತು. ಬೆದರಿದ ಪ್ರಾಣಿಯ ಹಿಂದೆ ಓಡಿದಷ್ಟೂ ಅದು ದೂರ ಓಡುತ್ತದೆ. ಅದೇ ಗೆರೆಯಲ್ಲಿ ಇನ್ನೊಂದು ಮಾತಿದೆ. ಕೆಟ್ಟವನನ್ನು ಕಂಡು ಮಾತಾಡಿದರೂ ತಪ್ಪಿಲ್ಲ. ಮೊದಲನೆಯದಕ್ಕಿಂತ ಇದು ಕಷ್ಟ.

ಹಾಗಾದರೆ ಎಲ್ಲರೂ ಒಂದೇ ಆಗಿಬಿಡಬೇಕಾ? ಇಲ್ಲ. ಒಟ್ಟಿಗೆ ಇದ್ದೂ ಬೇರೆಯಾಗಿರುವವನೇ ದೊಡ್ಡ ಮನುಷ್ಯ ಅನ್ನುತ್ತದೆ ಈ ಚಿಹ್ನೆ. ಇದೇ ಮಾತನ್ನು ಕ್ರಿ.ಪೂ. 522ರಲ್ಲಿ ಚಿ ರಾಜ್ಯದ ಮಂತ್ರಿ ಯೆನ್ ಯಿಂಗ್ ತನ್ನ ದೊರೆಗೆ ಅಡುಗೆಮನೆಯ ಭಾಷೆಯಲ್ಲಿ ಹೇಳಿದ. ಒಬ್ಬ ಆಸ್ಥಾನಿಕನನ್ನು ತೋರಿಸಿ ದೊರೆ, "ಇವನೊಬ್ಬನೇ ನನಗೆ ಹೊಂದುವವನು" ಅಂದಿದ್ದ. ಯೆನ್ ಯಿಂಗ್ ಒಪ್ಪಲಿಲ್ಲ. ಅವನು ಹೊಂದುತ್ತಿಲ್ಲ, ನೀವು ಹೌದು ಅಂದರೆ ಹೌದು ಅನ್ನುತ್ತಾನೆ, ಅಷ್ಟೇ ಎಂದ. ಹೊಂದಾಣಿಕೆ ಅಂದರೆ ಸಾರು ಮಾಡಿದ ಹಾಗೆ. ನೀರು, ಬೆಂಕಿ, ಉಪ್ಪು, ಹುಳಿ, ಮೀನು, ಎಲ್ಲ ಬೇರೆ ಬೇರೆ ಇರುವುದರಿಂದಲೇ ರುಚಿ. ನೀರಿಗೆ ನೀರನ್ನೇ ಬೆರೆಸಿದರೆ ಯಾರು ತಾನೇ ಬಾಯಿಗಿಡುತ್ತಾರೆ? ಬೆಂಕಿ, ನೀರು ಕೂಡುವುದಿಲ್ಲ ಅಂತ ಕ್ವೇ ಚಿಹ್ನೆ ಶುರುವಾಗುತ್ತದೆ. ನಡುವೆ ಒಂದು ಪಾತ್ರೆ ಇಟ್ಟರೆ ಅವೇ ಎರಡು ಸೇರಿ ಅಡುಗೆ ಮಾಡುತ್ತವೆ.

ಈ ಚಿಹ್ನೆ ನಿಜಕ್ಕೂ ಒಂದು ರಾಜಕೀಯ ಜಗಳದ ನಡುವೆ ಬಂದಿತ್ತು. ಕ್ರಿ.ಪೂ. 635. ಆಗ ಚಿ, ಜಿನ್‌ನಂಥ ರಾಜ್ಯಗಳ ಅರಸರಿಗೆಲ್ಲ ಝೌ ದೊರೆಯೇ ಮೇಲಿನವನು. ಅವನನ್ನು ಅವನ ತಮ್ಮನೇ ಓಡಿಸಿದ್ದ. ದೊರೆಗೆ ನೆರವಾಗಲು ಹೋಗಬೇಕಾ ಬೇಡವಾ ಅನ್ನುವ ಯೋಚನೆ ಜಿನ್ ರಾಜ್ಯದ ಅರಸ ವೆನ್‌ನದು. ಮನೆಜಗಳದಿಂದಾಗಿ ಅವನೂ 19 ವರ್ಷ ಪರದೇಶದಲ್ಲಿ ಅಲೆದು ಬಂದಿದ್ದವನು. ಕಡ್ಡಿ ಎಣಿಸಿದಾಗ ಬಂದದ್ದು ಆಕಾಶದ ಮೇಲೆ ಬೆಂಕಿ ಇರುವ ಚಿಹ್ನೆ. ಅದರಲ್ಲಿ ಒಂದು ಗೆರೆ ಬದಲಾಗಿ ಆಕಾಶದ ಜಾಗದಲ್ಲಿ ಕೆರೆ ಬಂತು. ಅಂದರೆ ಕ್ವೇ ಆಯಿತು. ಕಣಿ ಹೇಳುವವನು ಹೆದರಲಿಲ್ಲ. ದೊರೆಯಂತಿರುವ ಆಕಾಶವೇ ಕೆರೆಯಾಗಿ, ಮೇಲಿನ ಬೆಂಕಿಗೆ, ಅಂದರೆ ಸೂರ್ಯನಿಗೆ ಎದುರಾಗಿದೆ, ದೊರೆ ಮನಸ್ಸು ತಗ್ಗಿಸಿ ನಿಮ್ಮನ್ನು ಎದುರುಗೊಳ್ಳುತ್ತಾನೆ ಅಂದ. ವೆನ್ ಹೊರಟ. ದೊರೆ ಮತ್ತೆ ರಾಜಧಾನಿಗೆ ಬಂದ. ಆದರೆ ಆ ತಮ್ಮನನ್ನು ಕೊಂದರು. ಇದನ್ನೂ ಹೇಳಲೇಬೇಕು. ಎಲ್ಲ ಜಗಳವೂ ಟಾರ್ಚ್ ಬೆಳಕಿನಲ್ಲಿ ಮುಗಿಯುವುದಿಲ್ಲ. ಆದರೂ ಅಲ್ಲಿ ತಗ್ಗಿದ್ದು ಆಕಾಶ. ಮೇಲಿರುವವನು ಮೊದಲು ಬಾಗಿದ ಅನ್ನುವುದು ನನಗೆ ಮುಖ್ಯ.

ಇನ್ನು ಎಲ್ಲಕ್ಕೂ ಮೇಲಿನ, ಆರನೇ ಗೆರೆ. ಒಬ್ಬ ಮನುಷ್ಯ ಒಂಟಿಯಾಗಿದ್ದಾನೆ. ಎದುರಿಗೆ ಏನೋ ಬರುತ್ತಿದೆ. ಅವನ ಕಣ್ಣಿಗೆ ಕಾಣುವುದು ಮೈಯೆಲ್ಲ ಕೆಸರಾದ ಒಂದು ಹಂದಿ. ಅದರ ಜೊತೆಗೆ ಒಂದು ಗಾಡಿ, ಗಾಡಿ ತುಂಬ ದೆವ್ವಗಳು. ಅವನು ಬಿಲ್ಲು ಎಳೆಯುತ್ತಾನೆ. ಆಮೇಲೆ ಬಿಲ್ಲು ಇಳಿಸುತ್ತಾನೆ. ಬಂದವರು ದರೋಡೆಕೋರರಲ್ಲ. ಹೆಣ್ಣು ಕೇಳಲು ಬಂದವರು!

ಅವನು ಯಾಕೆ ಬಿಲ್ಲು ಇಳಿಸಿದ ಅಂತ ಗ್ರಂಥ ಹೇಳುವುದಿಲ್ಲ. ಗಾಡಿ ಹತ್ತಿರ ಬಂದಿರಬೇಕು. ಅಥವಾ ಬಾಣ ಬಿಡುವ ಮುಂಚೆ ಇನ್ನೊಂದು ಸಲ ಕಣ್ಣುಜ್ಜಿ ನೋಡಿರಬೇಕು. ಆ 4 ವರ್ಷ ನನ್ನ ಕಣ್ಣಿಗೆ ಅಣ್ಣನ ಮನೆಯಲ್ಲಿ ಕಂಡದ್ದೆಲ್ಲ ದೆವ್ವಗಳೇ. ಅತ್ತಿಗೆ ನಕ್ಕರೆ ನನ್ನನ್ನೇ ಆಡಿಕೊಂಡು ನಕ್ಕ ಹಾಗೆ. ಅವರ ಮನೆ ದೀಪ ತಡವಾಗಿ ಆರಿದರೆ ನನ್ನ ಬಗ್ಗೆಯೇ ಏನೋ ಹೂಡುತ್ತಿರುವ ಹಾಗೆ. ಹಂದಿಗೆ ಕೆಸರು ಮೆತ್ತಿದವನು ನಾನೇ.

ಗೆರೆಯ ಕೊನೆಯ ಮಾತು ಹೀಗಿದೆ: ಮುಂದೆ ಹೋಗು, ಮಳೆ ಸಿಕ್ಕರೆ ಶುಭ. ಮಳೆ ಅಂದರೇನು? ಬಿಸಿಲು ಕೆರೆಯ ನೀರನ್ನು ಮೇಲಕ್ಕೆ ಎತ್ತಬೇಕು, ಅದು ಮತ್ತೆ ಕೆಳಗಿಳಿಯಬೇಕು. ಯಾವತ್ತೂ ಸೇರದ ಬೆಂಕಿ, ಕೆರೆ ಎರಡೂ ಸೇರುವ ಜಾಗ ಅದು. ಆ ಮಳೆಗೆ ಹಳೆಯ ಟಿಪ್ಪಣಿ ಬರೆದವರು ಒಂದೇ ಮಾತು ಸೇರಿಸಿದ್ದಾರೆ. ಅನುಮಾನಗಳೆಲ್ಲ ಹೋದವು ಅಂತ.

ನಮಸ್ಕಾರ.