ಎರ್ವಿನ್ ಪಿಸ್ಕಾಟರ್: ಪ್ರೇಕ್ಷಕರ ಮತ ಕೇಳಿದ ನಿರ್ದೇಶಕ

ಸನ್ಮಾನ್ಯ ಅಧ್ಯಕ್ಷರೇ, ರಂಗಾಸಕ್ತ ಬಂಧುಗಳೇ,

ಜರ್ಮನ್ ನಾಟಕಕಾರ ಬ್ರೆಕ್ಟ್‌ನನ್ನು ಈ ಸಭೆಗೆ ಪರಿಚಯಿಸಬೇಕಾಗಿಲ್ಲ. ಆದರೆ ಅದೇ ನಾಡಿನ ನಿರ್ದೇಶಕ ಪಿಸ್ಕಾಟರ್‌ನ ಮಾತು ಬಂದಾಗಲೆಲ್ಲ ರಂಗದ ಮೇಲೆ ಸಿನಿಮಾ ತೋರಿಸಿದವನು, ಯಂತ್ರಗಳನ್ನು ತಂದವನು ಎಂದು ಎರಡೇ ಸಾಲಿನಲ್ಲಿ ಮುಗಿಸುವ ಪರಿಪಾಠವನ್ನು ನಾನು ಒಪ್ಪಲಾರೆ. ಯಂತ್ರಗಳು ಅವನ ಸಲಕರಣೆಗಳಷ್ಟೆ. ನೋಡಲು ಬಂದವರನ್ನು ತೀರ್ಮಾನ ಕೊಡುವ ಸಭೆಯನ್ನಾಗಿಸಿದ್ದೇ ಅವನ ನಿಜವಾದ ಸಾಧನೆಯೆಂಬುದು ನನ್ನ ವಾದ.

1893ರಲ್ಲಿ ಹುಟ್ಟಿದ ಪಿಸ್ಕಾಟರ್ ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ. ಶೆಲ್‌ಗಳು ಸಿಡಿಯುತ್ತಿರುವಾಗ ನೆಲ ಅಗೆದು ಅಡಗಲಾಗದೆ ಒದ್ದಾಡುತ್ತಿದ್ದ ಇವನನ್ನು ಮೇಲಿನವನು ಕಸುಬೇನೆಂದು ಗದರಿ ಕೇಳಿದನಂತೆ. 'ನಟ' ಎನ್ನುವಾಗ ಸಾವಿನ ಭಯಕ್ಕಿಂತ ನಾಚಿಕೆಯೇ ಹೆಚ್ಚಾಯಿತೆಂದು ಅವನೇ ಬರೆದುಕೊಂಡಿದ್ದಾನೆ.

1920ರಲ್ಲಿ ಬರ್ಲಿನ್ನಿನ ಕಾರ್ಮಿಕರ ಸಭಾಂಗಣಗಳಲ್ಲಿ ಅವನು ನಾಟಕವಾಡಿಸತೊಡಗಿದ. ಒಂದು ಸಂಜೆ ಪರದೆ ಬರೆಯುವ ಹೊಣೆ ಹೊತ್ತಿದ್ದ ಜಾನ್ ಹಾರ್ಟ್‌ಫೀಲ್ಡ್ ಬರಲೇ ಇಲ್ಲ. ಕಾದು ಸಾಕಾಗಿ ಆಟ ಶುರುಮಾಡಿದರು. ಅಂಗವಿಕಲನ ಪಾತ್ರದಲ್ಲಿ ಸ್ವತಃ ಪಿಸ್ಕಾಟರ್ ರಂಗದ ಮೇಲಿದ್ದ. ಅಷ್ಟರಲ್ಲಿ ಸುತ್ತಿದ ಪರದೆಯನ್ನು ಹೆಗಲಿಗೇರಿಸಿಕೊಂಡು ಒಳನುಗ್ಗಿದ ಹಾರ್ಟ್‌ಫೀಲ್ಡ್, "ನಿಲ್ಲಿಸು ಎರ್ವಿನ್, ನಾನು ಬಂದೆ!" ಎಂದು ಕೂಗಿದ. ಪಿಸ್ಕಾಟರ್ ಪಾತ್ರವನ್ನು ಅಲ್ಲೇ ಬಿಟ್ಟು ಎದ್ದುನಿಂತು, ಇಷ್ಟು ಹೊತ್ತು ಎಲ್ಲಿದ್ದೆ ಎಂದು ದಬಾಯಿಸಿದ. ನೀವು ಗಾಡಿ ಕಳಿಸಲಿಲ್ಲ, ಇಷ್ಟು ದೊಡ್ಡ ಬಟ್ಟೆಯನ್ನು ಟ್ರಾಮಿನವರು ಹತ್ತಿಸಿಕೊಳ್ಳಲಿಲ್ಲ ಎಂದು ಹಾರ್ಟ್‌ಫೀಲ್ಡ್ ತಿರುಗಿ ಜಗಳಕ್ಕೆ ನಿಂತ. (ನಮ್ಮ ಹವ್ಯಾಸಿ ತಂಡದವರು ನಗುತ್ತಿರುವುದು ಕಾಣುತ್ತಿದೆ.) ಪರದೆ ಕಟ್ಟದೆ ಬಿಡೆನೆಂದು ಅವನು ಹಟ ಹಿಡಿದಾಗ ಪಿಸ್ಕಾಟರ್ ಪ್ರೇಕ್ಷಕರತ್ತ ತಿರುಗಿ, ಆಟ ಮುಂದುವರಿಸೋಣವೇ, ಪರದೆ ಕಟ್ಟೋಣವೇ ಎಂದು ಕೇಳಿದ. ಬಹುಮತ ಪರದೆಯ ಕಡೆಗಿತ್ತು. ಕಟ್ಟಿದರು, ನಾಟಕ ಮೊದಲಿನಿಂದ ಶುರುವಾಯಿತು. ಪ್ರೇಕ್ಷಕರು ಕತೆಯಲ್ಲಿ ಮೈಮರೆಯದೆ ಯೋಚಿಸಿ ತೀರ್ಮಾನಿಸಲಿ ಎನ್ನುವ ಎಪಿಕ್ ರಂಗಭೂಮಿಯ ಸ್ಥಾಪಕ ಹಾರ್ಟ್‌ಫೀಲ್ಡನೇ ಎಂದು ಪಿಸ್ಕಾಟರ್ ಮುಂದೆ ತಮಾಷೆಯಾಗಿ ಬರೆದನಾದರೂ ನಾನದನ್ನು ತಮಾಷೆಯೆಂದು ಓದುವುದಿಲ್ಲ.

1927ರ 'ರಾಸ್ಪುಟಿನ್' ಪ್ರಯೋಗದಲ್ಲಿ ತನ್ನ ಪಾತ್ರ ಬರಕೂಡದೆಂದು ಪದಚ್ಯುತ ಜರ್ಮನ್ ಚಕ್ರವರ್ತಿಯೇ ನ್ಯಾಯಾಲಯಕ್ಕೆ ಹೋಗಿ ಗೆದ್ದ. ಪಿಸ್ಕಾಟರ್ ಪಾತ್ರವನ್ನು ತೆಗೆದು, ಆ ಜಾಗದಲ್ಲಿ ನ್ಯಾಯಾಲಯದ ಆದೇಶವನ್ನೇ ಓದಿಸಿದ; ತೀರ್ಪು ಮತ್ತೆ ಸಭೆಯ ಕೈಗೇ ಬಂತು. ಮರುವರ್ಷದ 'ಷ್ವೇಕ್' ನಾಟಕದಲ್ಲಿ ನಟ ನಡೆಯುತ್ತಲೇ ಇದ್ದರೂ ಇದ್ದಲ್ಲೇ ಇರುವಂತೆ ಉರುಳುಪಟ್ಟಿಗಳು ಹಿಂದಕ್ಕೆ ಚಲಿಸುತ್ತಿದ್ದವು. ಅವುಗಳ ಗದ್ದಲ ಸಂಭಾಷಣೆಯನ್ನೇ ನುಂಗುತ್ತಿತ್ತು ಎಂಬುದನ್ನೂ ಹೇಳಬೇಕು.

ಅಧ್ಯಕ್ಷರು ಗಡಿಯಾರ ನೋಡುತ್ತಿರುವುದರಿಂದ ಅವನು ಮುಂದೆ ನೆಲೆಸಿದ ಮಾಸ್ಕೋ, ಪ್ಯಾರಿಸ್, ನ್ಯೂಯಾರ್ಕ್‌ಗಳನ್ನು ಒಂದೇ ಉಸಿರಿನಲ್ಲಿ ದಾಟುತ್ತೇನೆ. ಅಮೆರಿಕದಲ್ಲಿ ಅವನ ನಾಟಕಶಾಲೆಯಲ್ಲಿ ಮುಂದೆ ಹೆಸರಾಂತ ಸಿನಿಮಾ ನಟನಾದ ಮಾರ್ಲನ್ ಬ್ರಾಂಡೊ ಕಲಿತ. ಅಲ್ಲಿ ಕಮ್ಯುನಿಸ್ಟರನ್ನು ಬೇಟೆಯಾಡುವುದು ಜೋರಾದಾಗ, 1951ರಲ್ಲಿ, ಪಿಸ್ಕಾಟರ್ ಪಶ್ಚಿಮ ಜರ್ಮನಿಗೆ ಮರಳಿದ.

ಎಪ್ಪತ್ತರ ವಯಸ್ಸಿನ ಹೊಸ್ತಿಲಲ್ಲಿ ಪಶ್ಚಿಮ ಬರ್ಲಿನ್ನಿನ ಫ್ರೈ ಫೋಕ್ಸ್‌ಬ್ಯೂನೆ ಎಂಬ ನಾಟಕಮಂದಿರ ಅವನ ಕೈಗೆ ಬಂತು. ನಾಜಿಗಳು ನಡೆಸಿದ ಯೆಹೂದಿಗಳ ನರಮೇಧದ ಎದುರು ಮೌನವಾಗಿದ್ದ ಪೋಪ್‌ರನ್ನು ಪ್ರಶ್ನಿಸುವ ಹೋಖ್‌ಹೂಟ್‌ನ ನಾಟಕವನ್ನು 1963ರಲ್ಲಿ ಆಡಿಸಿದ. 1965ರಲ್ಲಿ ನಾಜಿಗಳ ಆಶ್ವಿಟ್ಜ್ ಹತ್ಯಾಶಿಬಿರದ ವಿಚಾರಣೆಯ ಸಾಕ್ಷ್ಯಗಳಿಂದಲೇ ಪೀಟರ್ ವೈಸ್ ಕಟ್ಟಿದ ನಾಟಕವನ್ನು ರಂಗಕ್ಕೆ ತಂದ. ನಾಜಿ ಕಾಲವನ್ನು ವಯಸ್ಕರಾಗಿಯೇ ಕಂಡ ಎಷ್ಟೋ ಮಂದಿ ಆ ಸಾಕ್ಷ್ಯಗಳ ಎದುರು ಕುಳಿತಿದ್ದರು, ಮತ್ತು ಈ ಸಲ ಅವರ ಮುಂದಿದ್ದ ಪ್ರಶ್ನೆ ಪರದೆ ಕಟ್ಟುವುದಾಗಿರಲಿಲ್ಲ.